ಕಾರು ರಸ್ತೆ ಬಿಟ್ಟರೆ ಎತ್ತ ಹೋಗುತ್ತೆ? ತೋಟದ ರ‍್ಯಾಲಿ ನೋಡೋಕೆ ಹೊರಟವರಿಗೆ

ಮೊದಲ ಸಲ ಕಾರ್ ರ‍್ಯಾಲಿ ನೋಡಲು ಹೋದವರು ಎಲ್ಲಿ ನಿಲ್ಲುತ್ತಾರೆ ಅಂತ ನೋಡದೇ ಹೇಳಬಹುದು. ತಿರುವಿನ ಹೊರಮಗ್ಗುಲಲ್ಲಿ. ನಾನೂ ಅಲ್ಲೇ ನಿಂತಿದ್ದೆ. ಅಲ್ಲಿ ನಿಂತರೆ ಕಾರು ನೇರ ನಮ್ಮ ಮುಖಕ್ಕೇ ಬರುತ್ತದೆ, ಕೊನೇ ಗಳಿಗೆಯಲ್ಲಿ ಹಿಂಭಾಗ ಬೀಸಿಕೊಂಡು ಪಕ್ಕಕ್ಕೆ ತಿರುಗುತ್ತದೆ, ಮಣ್ಣು ಎರಚುತ್ತದೆ, ಫೋಟೋ ಅಂದರೆ ಫೋಟೋ. ಕಾರು ತಿರುಗದೇ ಹೋದರೆ ಏನು ಅನ್ನೋದು ಮಾತ್ರ ಆವತ್ತು ನನ್ನ ತಲೆಗೆ ಬಂದಿರಲಿಲ್ಲ.

ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟ ಅದು. ದಾರಿ ಕಾಯುವ ಮಾರ್ಷಲ್‌ಗಳ ಜಾಕೆಟ್ ಹಾಕಿಕೊಂಡಿದ್ದ ತೋಟದ ರೈಟರ್ (ಕೆಲಸದ ಲೆಕ್ಕ ಬರೆಯುವವರು) ಒಬ್ಬರು ದೂರದಿಂದಲೇ ಕೂಗಿದರು. "ಎಂಥ ಮಾರಾಯ್ರೇ, ಅಲ್ಲಿ ಕೂತಿದ್ದೀರಲ್ಲ, ಎದ್ದು ಧರೆ ಮೇಲೆ ಬನ್ನಿ." ಧರೆ ಅಂದರೆ ದಾರಿ ಪಕ್ಕದ ಕಡಿದ ಮಣ್ಣಿನ ದಿಬ್ಬ. ಗೊಣಗಿಕೊಂಡೇ ಹತ್ತಿದೆ. ಏಳೆಂಟು ಕಾರು ಸಲೀಸಾಗಿ ಹೋದವು. ಆಮೇಲೆ ಒಂದು ಜಿಪ್ಸಿ ಸ್ವಲ್ಪ ಜಾಸ್ತಿ ವೇಗದಲ್ಲಿ ಬಂತು, ತಿರುಗಲಿಲ್ಲ, ಚರಂಡಿ ಹಾರಿ ಮೂರು ಕಾಫಿ ಗಿಡ ಮಲಗಿಸಿ ನಿಂತಿತು. ಆತುರದಲ್ಲಿ ಕೆಳಗೇ ಬಿಟ್ಟು ಬಂದಿದ್ದ ನನ್ನ ನೀರಿನ ಬಾಟಲಿ ಅದರ ಅಡಿಯಲ್ಲಿ ಚಪ್ಪಟೆಯಾಗಿತ್ತು. ರೈಟರ್ ಏನೂ ಹೇಳಲಿಲ್ಲ. ಸುಮ್ನೆ ಒಂದು ಸಲ ನನ್ನ ಕಡೆ ನೋಡಿದರು.

ಚಿಕ್ಕಮಗಳೂರಿಗೆ ರ‍್ಯಾಲಿ ಹೊಸದೇನಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಸುತ್ತುಗಳು ಇಲ್ಲಿ ನಡೆದಿವೆ, 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಕೂಡ ಇಲ್ಲೇ ಆಯಿತು. ಗೌರವ್ ಗಿಲ್ ಆ ಎರಡೂ ವರ್ಷ ಏಷ್ಯಾ ಪೆಸಿಫಿಕ್ ಚಾಂಪಿಯನ್. ಸಿಲ್ವರ್ ಓಕ್ ಮರದ ನೆರಳು, ಕೆಂಪು ಮಣ್ಣಿನ ದಾರಿ, ಒಂದು ಕಡೆ ಧರೆ, ಇನ್ನೊಂದು ಕಡೆ ಇಳಿಜಾರು. ನೋಡಲು ಇದಕ್ಕಿಂತ ಚಂದದ ಜಾಗ ಸಿಗುವುದು ಕಷ್ಟ. ಆದರೆ ಕ್ರಿಕೆಟ್ ಮೈದಾನದ ಹಾಗೆ ಇಲ್ಲಿ ಗ್ಯಾಲರಿ ಇಲ್ಲ, ಬೇಲಿ ಇಲ್ಲ, ಸೀಟ್ ನಂಬರ್ ಇಲ್ಲ. ಹತ್ತಾರು ಕಿಲೋಮೀಟರ್ ಉದ್ದದ ದಾರಿಗೆ ಎಲ್ಲ ಕಡೆ ಕಾವಲು ಹಾಕಲು ಯಾರಿಂದಲೂ ಆಗಲ್ಲ. ಹಾಗಾಗಿ ಎಲ್ಲಿ ನಿಲ್ಲಬೇಕು ಅನ್ನೋದನ್ನ ನಾವೇ ಓದಿಕೊಳ್ಳಬೇಕು. ಓದುವುದು ಅಂದೆ ನೋಡಿ, ಅದೇ ಸರಿಯಾದ ಮಾತು. ದಾರಿಯನ್ನು ಓದೋಕೆ ಬಂದರೆ ಮುಕ್ಕಾಲು ಕೆಲಸ ಆಯಿತು.

ಮೊದಲು ಇದು ನಡೆಯುವ ರೀತಿ. ರ‍್ಯಾಲಿಯಲ್ಲಿ ಎಲ್ಲ ಕಾರುಗಳೂ ಒಟ್ಟಿಗೆ ಓಡುವುದಿಲ್ಲ. ಒಂದು ಹೋದ ಮೇಲೆ ಇನ್ನೊಂದು, ನಡುವೆ ಒಂದೋ ಎರಡೋ ನಿಮಿಷ ಬಿಟ್ಟು ಹೊರಡುತ್ತವೆ, ಧೂಳು ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ಸಾರ್ವಜನಿಕರಿಗೆ ಮುಚ್ಚಿದ ಈ ದಾರಿಯ ತುಂಡಿಗೆ ಸ್ಪೆಷಲ್ ಸ್ಟೇಜ್ ಅಂತಾರೆ. ಅಲ್ಲಿ ಗಡಿಯಾರದ ಜೊತೆ ಸ್ಪರ್ಧೆ. ಒಂದು ಸ್ಟೇಜ್ ಮುಗಿದು ಇನ್ನೊಂದಕ್ಕೆ ಹೋಗುವಾಗ ಮಾಮೂಲಿ ರಸ್ತೆ, ಮಾಮೂಲಿ ಟ್ರಾಫಿಕ್ ನಿಯಮ. ಡ್ರೈವರ್ ಪಕ್ಕದಲ್ಲಿ ನ್ಯಾವಿಗೇಟರ್ ಕೂತು ಪೇಸ್ ನೋಟ್ಸ್ ಓದುತ್ತಿರುತ್ತಾರೆ. ಮುಂದೆ ಎಷ್ಟು ಮೀಟರ್ ನೇರ, ಆಮೇಲೆ ಎಡವೋ ಬಲವೋ, ಎಷ್ಟು ಬಿಗಿ, ಒಳಗಡೆ ಕಲ್ಲಿದೆಯಾ. ಇದನ್ನೆಲ್ಲ ರ‍್ಯಾಲಿಗೆ ಮೊದಲು ನಿಧಾನವಾಗಿ ಆ ದಾರಿಯಲ್ಲಿ ಓಡಾಡಿ ಬರೆದುಕೊಂಡಿರುತ್ತಾರೆ.

ಇಲ್ಲೊಂದು ಸಂಗತಿ ಗಮನಿಸಿ. ಅವರು ನೋಟ್ಸ್ ಬರೆದ ದಿನ ಆ ತಿರುವಿನಲ್ಲಿ ನೀವು ಇರಲಿಲ್ಲ. ಒಂದು ಕಲ್ಲು, ಒಂದು ಬೋಳು ಮರ, ಧರೆಯ ಅಂಚು ಇಂಥವು ಡ್ರೈವರ್ ಕಣ್ಣಿಗೆ ಗುರುತು. ಅದರ ಮುಂದೆ ಇಪ್ಪತ್ತು ಜನ ಗುಂಪು ಕಟ್ಟಿ ನಿಂತರೆ ಗುರುತು ಮುಚ್ಚಿಹೋಗುತ್ತದೆ. ಜನ ಪಕ್ಕಕ್ಕೆ ಸರಿಯುತ್ತಾರೆ ಅಂತ ಡ್ರೈವರ್ ಲೆಕ್ಕ ಹಾಕುವುದಿಲ್ಲ, ಹಾಕಿದರೆ ಗೆಲ್ಲೋಕೂ ಆಗಲ್ಲ. ನಾವು ನಿಂತಿದ್ದೇವೆ ಅಂತ ನಿಧಾನ ಮಾಡುತ್ತಾರೆ ಅನ್ನುವ ನಂಬಿಕೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಈಗ ತಿರುವಿನ ವಿಷಯ. ಚಿಕ್ಕಂದಿನಲ್ಲಿ ಕವಣೆ ಬೀಸಿದ್ದೀರಾ? ಕೈ ಬಿಟ್ಟ ಮೇಲೆ ಕಲ್ಲು ಸುತ್ತುತ್ತಾ ಹೋಗಲ್ಲ. ಬಿಟ್ಟ ಕ್ಷಣದಲ್ಲಿ ಯಾವ ಕಡೆ ಹೊರಟಿತ್ತೋ ಆ ಕಡೆಗೇ ನೇರ ಹಾರುತ್ತದೆ. ತಿರುವಿನಲ್ಲಿ ಕಾರನ್ನು ಒಳಕ್ಕೆ ಎಳೆದು ಹಿಡಿದಿರುವ ಹಗ್ಗ ಅಂದರೆ ಟೈರಿನ ಹಿಡಿತ. ಸಡಿಲ ಜಲ್ಲಿ ಸಿಕ್ಕಿತು, ಒದ್ದೆ ಎಲೆ ಸಿಕ್ಕಿತು, ಟೈರ್ ಪಂಕ್ಚರ್ ಆಯಿತು, ಬ್ರೇಕ್ ಹಿಡಿಯಲಿಲ್ಲ. ಹಗ್ಗ ಕಡಿಯಿತು ಅಂತಲೇ ಅರ್ಥ. ಆಗ ರಸ್ತೆ ಎತ್ತ ತಿರುಗಿದರೂ ಕಾರು ಹೋಗುತ್ತಿದ್ದ ದಿಕ್ಕಿಗೇ ಹೋಗುತ್ತದೆ.

ಹಗ್ಗ ಯಾವ ಜಾಗದಲ್ಲಿ ಕಡಿಯುತ್ತೆ ಅಂತ ಮೊದಲೇ ಹೇಳೋಕೆ ಬರಲ್ಲ. ಬ್ರೇಕ್ ಹಾಕಬೇಕಾದ ಕಡೆ ಕಡಿದರೆ ಕಾರು ತಿರುವಿನ ನೇರ ಮುಂದಕ್ಕೆ ನುಗ್ಗುತ್ತದೆ. ನಡುವಿನಲ್ಲಿ ಕಡಿದರೆ ಹೊರಗಡೆಗೆ ಓರೆಯಾಗಿ. ತಿರುವು ಮುಗಿದು ಆಕ್ಸಿಲರೇಟರ್ ಒತ್ತುವಾಗ ಕಡಿದರೆ ಇನ್ನೂ ಮೂವತ್ತು ನಲವತ್ತು ಮೀಟರ್ ಮುಂದೆ, ಹಿಂಭಾಗ ಅಲ್ಲಾಡಿಸಿಕೊಂಡು. ಇವೆಲ್ಲ ಗೆರೆಗಳನ್ನೂ ಮನಸ್ಸಿನಲ್ಲಿ ಎಳೆದುಕೊಂಡರೆ ಹೊರಮಗ್ಗುಲಲ್ಲಿ ಬೀಸಣಿಗೆ ಬಿಚ್ಚಿಟ್ಟಂಥ ಒಂದು ಜಾಗ ಕಾಣುತ್ತದೆ. ಆ ಬೀಸಣಿಗೆ ಕಾರಿನದ್ದು. ಸ್ಟೇಜ್ ಮುಚ್ಚುವ ಮೊದಲೇ ತಲುಪಿದರೆ ದಾರಿ ಮಧ್ಯೆ ನಿಂತು, ಕಾರು ಬರುವ ದಿಕ್ಕಿನಲ್ಲಿ ಕೈ ಚಾಚಿ ನೋಡಿ. ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಚಾಚಿ. ಕೈ ತೋರಿಸಿದ ಕಡೆ ಯಾರೂ ಇರಬಾರದು. ನೋಡಿದವರು ನಗಬಹುದು, ನಗಲಿ.

ಹಾಗಾದರೆ ಒಳಮಗ್ಗುಲು ಸೇಫಾ? ಪೂರ್ತಿ ಅಲ್ಲ. ಎಲ್ಲರೂ ತಿರುವಿನ ಒಳ ಅಂಚನ್ನು ಕತ್ತರಿಸಿಕೊಂಡೇ ಹೋಗುತ್ತಾರೆ, ಎರಡು ಚಕ್ರ ಚರಂಡಿಯಲ್ಲಿ ಇರುವುದು ಮಾಮೂಲು. ಅಲ್ಲೊಂದು ಕಲ್ಲು ಎದ್ದಿದ್ದರೆ ಮುಂದಿನ ಚಕ್ರ ಅದಕ್ಕೆ ಸಿಕ್ಕಿ ಕಾರು ಅಲ್ಲೇ ಪಲ್ಟಿ ಹೊಡೆಯುತ್ತದೆ. ಒಳಗಡೆ ನಿಲ್ಲಬಹುದು, ಆದರೆ ಹಿಂದೆ ಸರಿದು, ಎತ್ತರದಲ್ಲಿ.

ಎತ್ತರ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಮಲೆನಾಡಿನ ದಾರಿಗಳಲ್ಲಿ ಧರೆ ಅನ್ನೋದು ದೇವರು ಕೊಟ್ಟ ಗ್ಯಾಲರಿ. ಆಳೆತ್ತರಕ್ಕಿಂತ ಮೇಲಿನ, ನೆಟ್ಟಗೆ ಕಡಿದ ಧರೆ ಸಿಕ್ಕರೆ ಅದರ ಮೇಲೆ ಹೋಗಿ. ಹಾಗಂತ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂರಬೇಡಿ. ಮಳೆ ಬಂದಿದ್ದರೆ ಅಂಚು ಕುಸಿಯುತ್ತದೆ, ಜೊತೆಗೆ ಹತ್ತು ಜನರ ಭಾರ ಬೇರೆ. ಮೂರು ನಾಲ್ಕು ಹೆಜ್ಜೆ ಹಿಂದೆ ನಿಂತರೂ ಕಾರು ಚೆನ್ನಾಗೇ ಕಾಣುತ್ತದೆ. ಧರೆ ಇಳಿಜಾರಾಗಿದ್ದರೆ ಮಾತ್ರ ಹುಷಾರು, ಅದು ಕಾರಿಗೆ ಏರುದಾರಿ ಹಾಕಿಕೊಟ್ಟ ಹಾಗೆ.

ದಾರಿಗಿಂತ ತಗ್ಗಿನಲ್ಲಿ, ಇಳಿಜಾರಿನ ಕಡೆ ಮಾತ್ರ ಯಾವ ಕಾರಣಕ್ಕೂ ಬೇಡ. ರಸ್ತೆ ಬಿಟ್ಟ ಕಾರು ಅಲ್ಲಿಗೇ ಉರುಳುವುದು, ಎದ್ದ ಕಲ್ಲು ಹಾರುವುದೂ ಅಲ್ಲಿಗೇ. ಕಾಫಿ ಗಿಡದ ಸಾಲು ಇದೆಯಲ್ಲ ಅಂತೀರಾ? 1,200 ಕೆಜಿ ಗಾಡಿಗೆ ಕಾಫಿ ಗಿಡ ಲೆಕ್ಕಕ್ಕೇ ಇಲ್ಲ. ತಡೆಯೋದು ನಿಮ್ಮನ್ನೇ. ಆ ಕೊಂಬೆಗಳ ನಡುವೆ ಓಡಿ ನೋಡಿ, ಎರಡು ಹೆಜ್ಜೆ ಹೋಗಲ್ಲ. ಹಿಂದೆ ಹಿಂದೆ ಸರಿದರೆ ತೋಟದ ಅಗಳಿಗೆ, ಅಂದರೆ ಕಂದಕಕ್ಕೆ ಬೀಳುತ್ತೀರಿ.

ಓಡಿ ತಪ್ಪಿಸಿಕೊಳ್ತೀನಿ ಅನ್ನುವವರಿಗೆ ಒಂದು ಸಣ್ಣ ಲೆಕ್ಕ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಅನಿರೀಕ್ಷಿತವಾಗಿ ಏನಾದರೂ ಆದಾಗ ಅದು ತಲೆಗೆ ಹೊಕ್ಕು ಕಾಲು ಕೀಳಲು ಒಂದೂವರೆ ಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಕಾರು 40 ಮೀಟರ್ ಬಂದಿರುತ್ತದೆ. ನೀವಿನ್ನೂ ನಿಂತಲ್ಲೇ. ಕೂತಿದ್ದರೆ ಏಳಬೇಕು, ಚೀಲ ಎತ್ತಿಕೊಳ್ಳಬೇಕು, ಪಕ್ಕದಲ್ಲಿ ಮಗು ಇದ್ದರೆ ಅದರ ಕೈ ಹಿಡಿಯಬೇಕು. ಅದಕ್ಕೇ ಕೂರಬೇಡಿ, ಕಾರು ಬರುವ ದಿಕ್ಕಿಗೆ ಬೆನ್ನು ಹಾಕಬೇಡಿ, ಮಕ್ಕಳನ್ನು ಗುಂಪಿನ ಮುಂದೆ ಬಿಡಬೇಡಿ. ನಿಂತ ತಕ್ಷಣ ಮಾಡಬೇಕಾದ ಮೊದಲ ಕೆಲಸ ಹಿಂದೆ ತಿರುಗಿ ನೋಡುವುದು. ಎರಡು ಮೂರು ಮೀಟರ್ ಖಾಲಿ ನೆಲ ಇದೆಯಾ? ಇಲ್ಲ ಅಂದರೆ ಅದು ಒಳ್ಳೇ ಜಾಗ ಅಲ್ಲ, ಎಷ್ಟೇ ಚೆನ್ನಾಗಿ ಕಂಡರೂ.

ಮರದ ಹಿಂದೆ ನಿಲ್ಲುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಮರ ಒಂದು ಮಟ್ಟಿಗೆ ಆಸರೆ, ನಿಜ. ಆದರೆ ಮೂಗಿನ ಭಾಗ ಮರಕ್ಕೆ ಬಡಿದ ಕಾರು ಅಲ್ಲೇ ಸುಮ್ಮನೆ ನಿಲ್ಲಲ್ಲ, ಹಿಂಭಾಗ ಗಿರ್ರನೆ ಸುತ್ತಿ ಬರುತ್ತದೆ. ಮರಕ್ಕೆ ಅಂಟಿಕೊಂಡು ನಿಂತವರು ಸರಿಯಾಗಿ ಆ ಸುತ್ತಿನೊಳಗೇ ಇರುತ್ತಾರೆ. ಇನ್ನು ದಾರಿ ಪಕ್ಕ ಲಾರಿಗೆ ಕಾಯುತ್ತಾ ಪೇರಿಸಿಟ್ಟ ಸಿಲ್ವರ್ ದಿಮ್ಮಿಗಳು. ಹತ್ತಿ ನಿಲ್ಲೋಕೆ ಹೇಳಿ ಮಾಡಿಸಿದ ಹಾಗಿರುತ್ತವೆ, ಅಲ್ವಾ? ಒಂದು ದಿಮ್ಮಿ ಜಾರಿದರೆ ಇಡೀ ರಾಶಿ ಜಾರುತ್ತದೆ, ಅದಕ್ಕೆ ಕಾರೇ ಬಂದು ಗುದ್ದಬೇಕು ಅಂತೇನಿಲ್ಲ.

ಎರಡು ದಾರಿ ಕೂಡುವ ಕಡೆ ಕಾರು ಎಡಕ್ಕೆ ತಿರುಗುತ್ತದೆ, ಎದುರಿಗೆ ನೇರವಾಗಿ ಖಾಲಿ ದಾರಿ ಇದೆ ಅಂತಿಟ್ಟುಕೊಳ್ಳಿ. ಬೈಕ್ ನಿಲ್ಲಿಸಲು ಜನ ಹುಡುಕುವುದು ಅದೇ ದಾರಿಯನ್ನು. ಬ್ರೇಕ್ ಹಿಡಿಯದ ಕಾರಿಗೆ ಉಳಿದಿರುವುದೂ ಅದೊಂದೇ ದಾರಿ. ಉಬ್ಬು ಹಾರುವ ಜಾಗವೂ ಹಾಗೇ. ಗಾಳಿಯಲ್ಲಿರುವಾಗ ಸ್ಟೀರಿಂಗ್ ತಿರುಗಿಸಿ ಏನೂ ಪ್ರಯೋಜನ ಇಲ್ಲ, ಬ್ರೇಕೂ ಇಲ್ಲ. ಫಿನ್‌ಲ್ಯಾಂಡ್ ರ‍್ಯಾಲಿಯ ಕಾಡುದಾರಿಗಳು ಈ ಹಾರಾಟಕ್ಕೇ ಹೆಸರುವಾಸಿ. 2003ರಲ್ಲಿ ಔನಿನ್‌ಪೋಹ್ಯಾ ಸ್ಟೇಜಿನಲ್ಲಿ ಎಸ್ಟೋನಿಯಾದ ಮಾರ್ಕೋ ಮಾರ್ಟಿನ್ ಅವರ ಕಾರು ಗಂಟೆಗೆ 171 ಕಿ.ಮೀ. ವೇಗದಲ್ಲಿ 57 ಮೀಟರ್ ಹಾರಿತು. ನಮ್ಮ ಕಡೆ ಅಷ್ಟು ಹಾರುವುದಿಲ್ಲ ಅನ್ನಿ. ಆದರೆ ಓರೆಯಾಗಿ ಇಳಿದ ಕಾರು ಯಾವ ಕಡೆ ಚಿಮ್ಮುತ್ತೆ ಅನ್ನೋದು ಐದು ಮೀಟರ್ ಹಾರಿದರೂ ಗೊತ್ತಾಗಲ್ಲ. ಇಳಿಯುವ ಜಾಗದ ಆಸುಪಾಸು ಎರಡೂ ಕಡೆ ಖಾಲಿ ಇರಬೇಕು.

ಇಷ್ಟು ಜಾಗದ ಮಾತಾಯಿತು. ಇನ್ನು ಹೊತ್ತಿನ ಮಾತು. ಮೊದಲ ಸ್ಪರ್ಧಿಗಿಂತ ಮುಂಚೆ ಕೆಲವು ಗಾಡಿಗಳು ಹೋಗುತ್ತವೆ, ಮೇಲೆ 000, 00, 0 ಅಂತ ಬರೆದಿರುತ್ತದೆ. ದಾರಿ ಖಾಲಿ ಇದೆಯಾ, ಜನ ಸರಿಯಾದ ಕಡೆ ನಿಂತಿದ್ದಾರಾ ಅಂತ ನೋಡುವ ಗಾಡಿಗಳು ಅವು. ಸೊನ್ನೆ ಹೋಯಿತು ಅಂದರೆ ಮುಂದೆ ಬರುವುದು ನಿಜವಾದ ಸ್ಪರ್ಧಿ. ಆಮೇಲೆ ದಾರಿ ದಾಟುವ ಮಾತೇ ಇಲ್ಲ. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಸ್ವೀಪರ್ ಗಾಡಿ ಬರುತ್ತದೆ. ಅದು ಹಾದುಹೋಗಿ ಮಾರ್ಷಲ್ ಹೇಳುವ ತನಕ ಸ್ಟೇಜ್ ಮುಗಿದಿಲ್ಲ.

ನಡುವೆ ಎರಡು ನಿಮಿಷ ಇದೆಯಲ್ಲ, ಅಷ್ಟರಲ್ಲಿ ಆ ಕಡೆ ಹೋಗಿ ಬಂದುಬಿಡೋಣ ಅನ್ನಿಸುವುದು ಸಹಜ. ಆ ಎರಡು ನಿಮಿಷ ಸ್ಟಾರ್ಟ್ ಲೈನಿನ ಲೆಕ್ಕ. ನಿಮ್ಮ ತಿರುವಿಗೆ ಬರುವಷ್ಟರಲ್ಲಿ ಒಬ್ಬ ಇನ್ನೊಬ್ಬನ ಬೆನ್ನು ಹಿಡಿದಿರಬಹುದು, ಪಂಕ್ಚರ್ ಹಾಕಿಕೊಂಡು ನಿಂತಿದ್ದವನು ಚಕ್ರ ಬದಲಿಸಿ ಇನ್ನೊಬ್ಬನ ಬಾಲದಲ್ಲೇ ಹೊರಟಿರಬಹುದು. ಕಿವಿಯನ್ನೂ ತೀರಾ ನಂಬಬೇಡಿ. ಕಣಿವೆಯಲ್ಲಿ ಸದ್ದು ಎಲ್ಲಿಂದಲೋ ಬಡಿದು ಎಲ್ಲಿಗೋ ಬರುತ್ತದೆ, ಎದುರು ಗುಡ್ಡದಲ್ಲಿ ಕೂಗುತ್ತಿದ್ದ ಎಂಜಿನ್ ಇದ್ದಕ್ಕಿದ್ದಂತೆ ಮಾಯವಾಗಿ ಹತ್ತು ಸೆಕೆಂಡಿಗೆ ಕಾಲ ಬುಡದಲ್ಲಿ ಪ್ರತ್ಯಕ್ಷ. ಮಾರ್ಷಲ್ ಸೀಟಿ ಊದಿದರೆ ಕಾರು ಬಂತು ಅಂತ. ಆದರೆ ಸೀಟಿ ಕೇಳಿಸಲಿಲ್ಲ ಅಂದ ಮಾತ್ರಕ್ಕೆ ಕಾರು ಇಲ್ಲ ಅಂತ ಅಲ್ಲ.

ಮರದ ನೆರಳಲ್ಲಿ ಗಾಳಿ ಆಡಲ್ಲ, ಎದ್ದ ಧೂಳು ಹಾಗೇ ತೂಗಾಡುತ್ತಿರುತ್ತದೆ. ನಿಮಗೆ ಕಾರು ಕಾಣದಿದ್ದರೆ ಕಾರಿನವರಿಗೂ ನೀವು ಕಾಣುತ್ತಿಲ್ಲ.

ನಾನು ಗಮನಿಸಿದ ಇನ್ನೊಂದು ವಿಚಿತ್ರ ಹೇಳುತ್ತೇನೆ. ಸಾಮಾನ್ಯವಾಗಿ ವೇಗದವರು, ಹೆಸರಿರುವವರು ಮೊದಲು ಹೊರಡುತ್ತಾರೆ. ಅವರು ಹೋಗುವಾಗ ಜನ ಹೆದರಿಕೊಂಡು ಮೇಲೆ ನಿಂತಿರುತ್ತಾರೆ. ಹತ್ತು ಹದಿನೈದು ಕಾರು ಆದ ಮೇಲೆ ಬರುವವು ಅಷ್ಟು ಜೋರಿಲ್ಲ ಅನ್ನಿಸುತ್ತದೆ, ಒಬ್ಬೊಬ್ಬರೇ ಕೆಳಗೆ ಇಳಿಯುತ್ತಾರೆ, ಮಾತಿಗೆ ಕೂರುತ್ತಾರೆ, ಚಕ್ಕುಲಿ ಪೊಟ್ಟಣ ಬಿಚ್ಚುತ್ತಾರೆ. ಆದರೆ ಹಿಂದೆ ಬರುವವರಲ್ಲಿ ಹೊಸಬರು ಜಾಸ್ತಿ, ಗಾಡಿಗಳೂ ಹಳೆಯವು, ಅಷ್ಟು ಹೊತ್ತಿಗೆ ದಾರಿಯಂತೂ ಕಿತ್ತುಹೋಗಿ ಕಲ್ಲು ಮೇಲೆದ್ದಿರುತ್ತದೆ. ನನ್ನ ಬಾಟಲಿ ಮೇಲೆ ಹತ್ತಿದ್ದು ಯಾರೂ ಕಣ್ಣಿಟ್ಟು ನೋಡದ ಅಂಥದ್ದೇ ಒಂದು ಗಾಡಿ. ಅದೇ ಸ್ಟೇಜನ್ನು ಮಧ್ಯಾಹ್ನ ಇನ್ನೊಮ್ಮೆ ಓಡಿಸಿದರೆ ಬೆಳಿಗ್ಗೆಯ ಲೆಕ್ಕ ಮರೆತುಬಿಡಿ, ಗುಂಡಿ ಬಿದ್ದ ದಾರಿಯಲ್ಲಿ ಕಾರು ಬೇರೆ ಕಡೆಯೇ ಎಗರುತ್ತದೆ.

ಫೋನಿನ ಬಗ್ಗೆ ಬೈಯಲ್ಲ, ನಾನೂ ತೆಗೆಯುತ್ತೇನೆ. ಆದರೆ ಪರದೆಯಲ್ಲಿ ಕಾರು ಇರುವುದಕ್ಕಿಂತ ದೂರ ಕಾಣುತ್ತದೆ, ದೂರ ದೂರ ಅನ್ನುತ್ತಿರುವಾಗಲೇ ಪರದೆ ತುಂಬ ಕಾರು. ಗುಂಪಿನಲ್ಲಿ ಯಾವಾಗಲೂ ಒಬ್ಬರು ಫೋನ್ ಕೆಳಗಿಟ್ಟು ಬರಿಗಣ್ಣಲ್ಲಿ ನೋಡುತ್ತಿರಲಿ, ಸರದಿ ಹಾಕಿಕೊಳ್ಳಿ.

ಇದೆಲ್ಲ ಅತಿಯಾಯಿತು ಅನ್ನಿಸಿದರೆ 1986ರ ಪೋರ್ಚುಗಲ್ ರ‍್ಯಾಲಿಯ ಹಳೇ ವಿಡಿಯೋ ಹುಡುಕಿ ನೋಡಿ. ಆಗ ಗ್ರೂಪ್ ಬಿ ಅನ್ನುವ ಭಯಂಕರ ಕಾರುಗಳ ಕಾಲ. ಜನ ದಾರಿ ತುಂಬ ನಿಂತು, ಕಾರು ಬಂದಾಗ ಎರಡೂ ಕಡೆಗೆ ಸೀಳಿಕೊಳ್ಳುತ್ತಿದ್ದರು, ಕಾರು ಮುಟ್ಟುವುದೇ ಒಂದು ಶೌರ್ಯ. ಸಿಂತ್ರಾ ಬೆಟ್ಟದ ಮೊದಲ ಸ್ಟೇಜಿನಲ್ಲೇ ಒಂದು ಫೋರ್ಡ್ ಕಾರು ಹಿಡಿತ ತಪ್ಪಿ ಜನರೊಳಗೆ ನುಗ್ಗಿತು. ಮೂವರು ಸತ್ತರು, ಮೂವತ್ತಕ್ಕೂ ಹೆಚ್ಚು ಜನರಿಗೆ ಪೆಟ್ಟಾಯಿತು. ದೊಡ್ಡ ಕಂಪನಿಗಳ ಡ್ರೈವರ್‌ಗಳು ಇನ್ನು ಓಡಿಸಲ್ಲ ಅಂತ ರ‍್ಯಾಲಿಯನ್ನೇ ಬಿಟ್ಟರು. ಅದೇ ವರ್ಷ ಮೇ ತಿಂಗಳಲ್ಲಿ ಕಾರ್ಸಿಕಾದ ಸ್ಪರ್ಧೆಯಲ್ಲಿ ಡ್ರೈವರ್ ಹೆನ್ರಿ ಟೊಯ್ವೊನೆನ್ ಮತ್ತು ಅವರ ನ್ಯಾವಿಗೇಟರ್ ಸೆರ್ಜಿಯೋ ಕ್ರೆಸ್ಟೋ ತೀರಿಕೊಂಡ ಮೇಲೆ, 1987ರಿಂದ ಆ ಕಾರುಗಳೇ ಬಂದ್. ಹಾಗಂತ ಇದು ಆ ಕಾಲಕ್ಕೇ ಮುಗಿದ ಕಥೆಯಲ್ಲ. ಸ್ಕಾಟ್‌ಲ್ಯಾಂಡಿನಲ್ಲಿ 2013ರಲ್ಲಿ ಇನ್ವರ್ನೆಸ್ ಹತ್ತಿರದ ಕಾಡಿನ ಸ್ಟೇಜಿನಲ್ಲಿ ಒಬ್ಬರು, ಮರುವರ್ಷ ಇನ್ನೊಂದು ರ‍್ಯಾಲಿಯಲ್ಲಿ ಮೂವರು, ನಮ್ಮ ನಿಮ್ಮ ಹಾಗೆ ನೋಡಲು ಬಂದಿದ್ದವರೇ ಸತ್ತರು. ನಮ್ಮ ದೇಶದಲ್ಲಿ 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾರ್ಮರ್ ಜಿಲ್ಲೆಯಲ್ಲಿ ಮುಚ್ಚಿದ ಸ್ಟೇಜಿನೊಳಕ್ಕೆ ಒಂದು ಬೈಕ್ ಬಂದುಬಿಟ್ಟಿತು. ಅದರ ಮೇಲಿದ್ದ ಒಂದೇ ಮನೆಯ ಮೂವರು ಉಳಿಯಲಿಲ್ಲ. ತೋಟದ ಒಳದಾರಿ, ಕೆಲಸಗಾರರ ಲೈನ್ ಮನೆಯ ಕಾಲುದಾರಿ ಎಲ್ಲವೂ ಸ್ಟೇಜಿಗೆ ಕೂಡುವ ನಮ್ಮಂಥ ಕಡೆ ಈ ಕೊನೆಯದ್ದೇ ನನಗೆ ಜಾಸ್ತಿ ಹೆದರಿಕೆ.

ಕಾರು ನಿಮ್ಮ ಮುಂದೆಯೇ ಬಿತ್ತು ಅಂದರೆ? ಕೈ ಕಾಲು ಅದರ ಕಡೆಗೇ ಓಡುತ್ತದೆ, ಮನುಷ್ಯ ಸ್ವಭಾವ. ಒಂದು ಉಸಿರು ತಡೆಯಿರಿ. ಒಂದು ಕಾರನ್ನು ಜಾರಿಸಿದ ಜಾಗ ಮುಂದಿನದ್ದನ್ನೂ ಜಾರಿಸಬಹುದು, ಅದು ಬಂದು ಬೀಳುವುದು ಮೊದಲನೆಯದರ ಮೇಲೆಯೇ, ಅಂದರೆ ಸುತ್ತ ನೆರೆದ ಗುಂಪಿನ ಮೇಲೆ. ಮೊದಲು ಒಬ್ಬರು ಮಾರ್ಷಲ್‌ಗೆ ಕೂಗಿ ಹೇಳಿ. ಒಳಗಿದ್ದವರು ಹಸಿರು ಓಕೆ ಬೋರ್ಡ್ ತೋರಿಸಿದರೆ ಗಾಬರಿ ಇಲ್ಲ. ಕೆಂಪು ಎಸ್‌ಒಎಸ್ ಬೋರ್ಡ್ ಬಂದರೆ, ಅಥವಾ ಯಾರೂ ಹೊರಗೇ ಬರದಿದ್ದರೆ, ಸುದ್ದಿ ರೇಡಿಯೋ ಇರುವ ಮಾರ್ಷಲ್‌ಗೆ ಮುಟ್ಟಲೇಬೇಕು. ಕಾರು ಎತ್ತಿ ದಾರಿಗೆ ತಳ್ಳಲು ನಮ್ಮವರಿಗೆ ಬಹಳ ಉತ್ಸಾಹ, ಡ್ರೈವರ್‌ಗೂ ಅದೇ ಬೇಕಿರುತ್ತದೆ. ಮಾರ್ಷಲ್ ಹೂಂ ಅಂದ ಮೇಲೆ, ಮೇಲ್ಗಡೆ ಒಬ್ಬರನ್ನು ಕಾವಲು ನಿಲ್ಲಿಸಿಕೊಂಡು ಮಾಡಿ. ಸೈಲೆನ್ಸರ್, ಬ್ರೇಕ್ ಹತ್ತಿರ ಕೈ ಹಾಕಬೇಡಿ, ಕಾದ ಕಾವಲಿಯ ಹಾಗಿರುತ್ತವೆ.

ಮಾರ್ಷಲ್‌ಗಳಲ್ಲಿ ಹೆಚ್ಚಿನವರು ಸಂಬಳಕ್ಕೆ ಬಂದವರಲ್ಲ, ಬೆಳಗಿನ ಜಾವವೇ ಎದ್ದು ಬಂದು ದಿನವಿಡೀ ಧೂಳು ಕುಡಿಯುವವರು. ಬೈದರೆ ಬೈಸಿಕೊಳ್ಳಿ. ಜನ ಮಾತು ಕೇಳಲ್ಲ ಅಂತಾದರೆ ಸ್ಟೇಜನ್ನೇ ರದ್ದು ಮಾಡುತ್ತಾರೆ, ಆಗ ಯಾರಿಗೂ ಏನೂ ಇಲ್ಲ. ರ‍್ಯಾಲಿಯೇ ಕೈತಪ್ಪಿದ ಊರುಗಳೂ ಇವೆ. ಪ್ರೇಕ್ಷಕರ ಸುರಕ್ಷತೆಯ ಚಿಂತೆಯಿಂದ ಪೋಲೆಂಡ್ 2017ರ ನಂತರ ವಿಶ್ವ ಚಾಂಪಿಯನ್‌ಷಿಪ್ ಪಟ್ಟಿಯಿಂದ ಹೊರಬಿತ್ತು. ವಾಪಸ್ ಬರೋಕೆ 2024 ಆಯಿತು.

ಉಳಿದದ್ದು ಚಿಕ್ಕಪುಟ್ಟದ್ದು. ಒಳ್ಳೇ ಶೂ, ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ, ನೀರು. ಮಳೆ ಬಿಟ್ಟ ಹೊಸತಾದರೆ ಉಂಬಳ (ಜಿಗಣೆ) ಇರುತ್ತವೆ, ಸ್ವಲ್ಪ ಉಪ್ಪು ಇಟ್ಟುಕೊಳ್ಳಿ. ಒಣಗಿದ ಎಲೆಯ ಮೇಲೆ ಸಿಗರೇಟ್ ಬೇಡ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ, ಹಣ್ಣಾದ ಕಾಫಿ ಕಿತ್ತು ಆಡಬೇಡಿ, ಅದು ಒಬ್ಬರ ವರ್ಷದ ಬೆಳೆ. ತೋಟದೊಳಗೆ ಫೋನ್ ಸಿಗ್ನಲ್ ನಂಬಿಕೊಂಡು ಹೋಗಬೇಡಿ, ಎಲ್ಲಿ ಸೇರುವುದು ಅಂತ ಮೊದಲೇ ಮಾತಾಡಿಕೊಳ್ಳಿ.

ಸ್ವೀಪರ್ ಹೋದ ಮೇಲೆ ಎಲ್ಲರೂ ಒಟ್ಟಿಗೆ ಗಾಡಿ ಹೊರಡಿಸುತ್ತಾರೆ. ಅರ್ಧ ಜನರಿಗೆ ಆ ಗಳಿಗೆಯಲ್ಲಿ ತಾವೇ ರ‍್ಯಾಲಿ ಡ್ರೈವರ್ ಅನ್ನಿಸಿರುತ್ತದೆ, ಘಾಟಿ ತಿರುವಿನಲ್ಲಿ ಬಾಲ ಬೀಸಲು ನೋಡುತ್ತಾರೆ. ಆವತ್ತು ಸಂಜೆ ನಾನು ಪೇಟೆಗೆ ಬರುವಾಗ ಮುಂದೆ ಒಂದು ಸರ್ಕಾರಿ ಬಸ್ಸು, ಅದರ ಹಿಂದೆ ಬಂಪರ್ ಕಳೆದುಕೊಂಡ ಒಂದು ರ‍್ಯಾಲಿ ಕಾರು. ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಲ್ಲುತ್ತಿತ್ತು. ಕಾರೂ ನಿಲ್ಲುತ್ತಿತ್ತು. ಎದುರಿಂದ ಯಾರೂ ಬರದಿದ್ದಾಗ, ಇಂಡಿಕೇಟರ್ ಹಾಕಿ, ಒಮ್ಮೆ ಹಾರ್ನ್ ಮಾಡಿ, ನಿಧಾನವಾಗಿ ಮುಂದೆ ಹೋಯಿತು.